ತೊಂಬತ್ತು ಎಂಎಂಗೆ ಬೇಕಾದ ಜಾಗ

ಕರಿಬಟ್ಟೆಯೊಳಗೆ ತಲೆ ತೂರಿಸಿ, ಬೆನ್ನು ಬಗ್ಗಿಸಿ ನಿಂತ ಮನುಷ್ಯನಿಗೆ ಊರಿನಲ್ಲಿ ಮರ್ಯಾದೆ ಸಿಗುವುದು ಕಷ್ಟ. ನಾನು ರಾಮನಗರದ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದವನು. ಲೋಕವೆಲ್ಲ ಡಿಜಿಟಲ್ ಕ್ಯಾಮೆರಾಕ್ಕೆ ತಿರುಗುತ್ತಿದ್ದ ಕಾಲದಲ್ಲಿ, ಅಂಗೈಯಗಲದ ಫಿಲ್ಮ್ ಹಾಳೆ ಬೇಡುವ ಮರದ ದೊಡ್ಡ ಕ್ಯಾಮೆರಾ ತಂದಿಟ್ಟುಕೊಂಡಿದ್ದೆ. ಹಳೆಯ ಮನೆಗಳ ಚಿತ್ರ ತೆಗೆಯುವ ಹುಚ್ಚು.

ಕೂಟಗಲ್ಲಿನ ಶಿವಲಿಂಗಯ್ಯನವರು ನನಗೆ ಹೇಳಿಕಳಿಸಿದ್ದು ಅದಕ್ಕೇ. ಫ್ಯಾಕ್ಟರಿಗಳು ಬರುತ್ತಿವೆಯೆಂದು ರಸ್ತೆ ಅಗಲ ಮಾಡುವವರಿದ್ದರು. ಅವರ ಜಗಲಿಯ ಕಂಬಗಳಿಗೆ ಕೆಂಪು ಗುರುತು ಬಿದ್ದಿತ್ತು. ಅವರಪ್ಪ ಸ್ವಂತ ಕೈಯಿಂದ ಕೆತ್ತಿದ ಕಂಬಗಳು. ಒಡೆಯುವ ಮುಂಚೆ ಒಂದು ಪಟ ಬೇಕಿತ್ತು.

ಬೀದಿ ಕಿರಿದು, ಹಿಂದೆ ಸರಿಯಲು ಜಾಗವಿಲ್ಲ. ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಎರಡು ವೈಡ್ ಲೆನ್ಸ್ ಇದ್ದವು: ತೊಂಬತ್ತು ಎಂಎಂ, ಅರವತ್ತೈದು ಎಂಎಂ. ಅಂಕಿ ಇಳಿದಷ್ಟೂ ನೋಟ ಅಗಲ. ಪಂಕ್ತಿಯಲ್ಲಿ ಕೂತ ಹಸಿದವನ ಹಾಗೆ, ಜಾಸ್ತಿ ಹಿಡಿಸುವುದೇ ಇರಲಿ ಎಂದು ಅರವತ್ತೈದನ್ನು ತಂದೆ.

ಮನೆಯೇನೋ ಹಿಡಿಸಿತು, ಸೂರಿನ ನೆತ್ತಿ ಮಾತ್ರ ಹೊರಗುಳಿಯಿತು. ಲೆನ್ಸನ್ನು ಮೇಲಕ್ಕೆ ಸರಿಸಿದರೆ ಚಿತ್ರದ ಮೂಲೆಗಳು ಕಪ್ಪಾದವು; ಅದು ಬೀಳಿಸುವ ಬೆಳಕಿನ ವೃತ್ತವೇ ಚಿಕ್ಕದು. ಇಪ್ಪತ್ತು ವರ್ಷ ವೃತ್ತದ ಪಾಠ ಮಾಡಿದವನು ಕೊಳ್ಳುವಾಗ ಅದೊಂದನ್ನು ಅಳೆದಿರಲಿಲ್ಲ. ಕ್ಯಾಮೆರಾದ ಮೂತಿಯನ್ನೇ ಮೇಲೆತ್ತಿ ನೋಡಿದರೆ ಗೋಡೆಗಳು ಹಿಂದಕ್ಕೆ ವಾಲಿದವು. ಅಂಚಿನ ಕಂಬಗಳಂತೂ ಪೈಲ್ವಾನರಂತೆ ಊದಿಕೊಂಡವು.

ಶಿವಲಿಂಗಯ್ಯ ಬಟ್ಟೆಯೊಳಗೆ ಇಣುಕಿ ಬಹಳ ಹೊತ್ತು ನೋಡಿದರು. "ಇದ್ಯಾರ್ದೋ ಅರಮನೆ ಇದ್ದಂಗೈತೆ ಮೇಷ್ಟ್ರೇ. ನಮ್ಮಪ್ಪನ ಕಂಬ ಇಷ್ಟು ದಪ್ಪ ಇರ್ನಿಲ್ಲ," ಎಂದರು.

ಅಂಗಡಿಯವನು ನಗುತ್ತಲೇ ಬದಲಾಯಿಸಿಕೊಟ್ಟ. ತೊಂಬತ್ತರ ವೃತ್ತ ದೊಡ್ಡದು, ಮನೆಯನ್ನು ಮನೆಯಾಗಿಯೇ ತೋರಿಸುವ ಸಭ್ಯ ಲೆನ್ಸು. ಆದರೆ ಅದಕ್ಕೆ ನಾಲ್ಕು ಹೆಜ್ಜೆ ಹಿಂದೆ ಹೋಗಬೇಕು. ಹಿಂದೆ ಇದ್ದದ್ದು ಎದುರುಮನೆ ಬೋರಮ್ಮನ ಗೇಟು. ಬಚ್ಚಲು ನೀರಿನ ಜಗಳದಿಂದಾಗಿ ಎರಡು ಮನೆಗಳಿಗೂ ಹನ್ನೆರಡು ವರ್ಷದಿಂದ ಮಾತಿರಲಿಲ್ಲ. ಕೇಳಲು ನಾನೇ ಹೋದೆ. ಬೋರಮ್ಮ ರಾಗಿ ಕೇರುವುದನ್ನು ನಿಲ್ಲಿಸದೆ, "ನೀವು ಬನ್ನಿ. ಆವಪ್ಪ ಮಾತ್ರ ಬರಂಗಿಲ್ಲ," ಎಂದರು.

ಅವರ ಪಡಸಾಲೆಯಲ್ಲಿ ಕ್ಯಾಮೆರಾ ಹೂಡಿದೆ. ಸ್ವಲ್ಪ ಹೊತ್ತಿಗೆ ಅವರೂ ಮೊರ ಬದಿಗಿಟ್ಟು ಬಂದು ಬಟ್ಟೆಯೊಳಗೆ ತಲೆ ಹಾಕಿದರು. ಕ್ಯಾಮೆರಾದ ಹಿಂಬದಿಯ ಮಸುಕು ಗಾಜಿನ ಮೇಲೆ ಶಿವಲಿಂಗಯ್ಯನವರ ಮನೆ ತಲೆಕೆಳಗಾಗಿ ನಿಂತಿತ್ತು. ಆಮೇಲೆ ಒಳಗಿನಿಂದಲೇ, ಸೂರಿನಲ್ಲಿ ಒಂದು ಹೆಂಚು ಜಾರಿದೆ, ಪಟದಲ್ಲಿ ಅದು ಹಂಗೇ ಉಳಿದುಬಿಡುತ್ತದೆ, ಸರಿ ಮಾಡಿಸಿ ಎಂದರು.

ನಾನು ಹೋಗಿ ಹೇಳಿದೆ. ಶಿವಲಿಂಗಯ್ಯ ಏಣಿ ಹಾಕಿ, ನಮಗೆ ಬೆನ್ನು ಮಾಡಿ ಹತ್ತಿದರು. ಬೋರಮ್ಮ ಗಾಜು ನೋಡಿಕೊಂಡೇ ಎಡಕ್ಕೆ ಅನ್ನಿ ಎಂದರು, ನಾನು ಕೂಗಿದೆ, ಶಿವಲಿಂಗಯ್ಯ ಹೆಂಚನ್ನು ಎಡಕ್ಕೆ ಜರುಗಿಸಿದರು. ಆ ಗಾಜು ಎಡಬಲವನ್ನೂ ಅದಲುಬದಲು ಮಾಡುತ್ತದೆಂದು ನಾನು ವಿವರಿಸಲು ಹೊರಟೆ. ಅಷ್ಟರಲ್ಲಿ ಬೋರಮ್ಮ ಬಟ್ಟೆ ಸರಿಸಿ ಹೊರಬಂದು, ಕೆದರಿದ ಕೂದಲಲ್ಲೇ ಗೇಟಿನ ತನಕ ನಡೆದು, ನೆಟ್ಟಗೆ ಸೂರಿನ ಕಡೆ ನೋಡಿದರು.

"ಅತ್ಲಾಗಲ್ಲ ಕಣಣ್ಣ, ಬಲಕ್ಕೆ. ಇನ್ನೊಸಿ. ಹಾ, ಅಲ್ಲೇ."

ಏಣಿಯ ಮೇಲಿದ್ದವರು ತಿರುಗಲಿಲ್ಲ. ಹೆಂಚನ್ನು ಕೂರಿಸಿ, ಅಂಗೈಯಿಂದ ಎರಡು ಸಲ ಒತ್ತಿದರು. "ಸರಿಯಾಯ್ತೇನವ್ವಾ?" ಎಂದು ಗೋಡೆಗೆ ಕೇಳುವಂತೆ ಕೇಳಿದರು. ಸರಿಯಾಗಿತ್ತು. ಅವರಿಬ್ಬರನ್ನೇ ನೋಡುತ್ತ ಲೆನ್ಸ್ ಮುಚ್ಚುವುದನ್ನು ಮರೆತು ಮೊದಲ ಹಾಳೆ ಹಾಳುಮಾಡಿದೆ. ಎರಡನೆಯದು ಚೆನ್ನಾಗಿ ಬಂತು.

ಜಗಲಿ ಹೋಯಿತು, ರಸ್ತೆ ಬಂತು. ಪಟದ ಒಂದು ಪ್ರತಿ ಬೋರಮ್ಮನ ಮನೆಗೂ ಹೋಯಿತು. ಮರುವರ್ಷ ಶಿವಲಿಂಗಯ್ಯ, ಬೋರಮ್ಮನ ಮನೆಯದೂ ಒಂದು ತೆಗೆದುಕೊಡಿ ಎಂದರು. ಹೋದೆ. ನಡುವೆ ಈಗ ಎರಡು ಲಾರಿ ಒಟ್ಟಿಗೆ ಓಡುವಷ್ಟು ಬಯಲು. ಯಾವ ಲೆನ್ಸಾದರೂ ನಡೆಯುತ್ತಿತ್ತು. ಜಾಗ ಕೊಡಿ ಎಂದು ಯಾರ ಬಾಗಿಲನ್ನೂ ತಟ್ಟಬೇಕಾಗಿರಲಿಲ್ಲ. ಯಾಕೋ ಅದೊಂದು ಕೊರತೆಯಂತೆ ಕಂಡು, ನೀರು ಕೇಳುವ ನೆಪದಲ್ಲಿ ಹೋಗಿ ಶಿವಲಿಂಗಯ್ಯನವರ ಬಾಗಿಲು ತಟ್ಟಿದೆ.