ಗಂಗಾಧರನಿಗೆ ಬಿಸಿಲು ತೋರಿಸಿದ್ದು

ತೊಂಬತ್ತಾರನೇ ಇಸವಿ ಡಿಸೆಂಬರ್‌ನಲ್ಲಿ ಗುಬ್ಬಿಯಲ್ಲಿ ಬಿದ್ದ ಮಂಜು ಎಂಥದ್ದೆಂದರೆ, ಸ್ನಾನ ಮುಗಿಸಿ ಟವೆಲನ್ನು ಮಂಜಿಗೇ ನೇತುಹಾಕಿದ್ದೆ. ಹತ್ತೂವರೆಗೆ ಬಿಸಿಲು ಬಂದ ಮೇಲೆಯೇ ಅದು ಕೆಳಗೆ ಬಿದ್ದದ್ದು. ಮೊಮ್ಮಕ್ಕಳು ನಂಬುವುದಿಲ್ಲ. ಗಂಗಾಧರ ಒಂದು ಫೋಟೋ ತೆಗೆದಿಡಬಹುದಿತ್ತು, ಆದರೆ ಅವನು ಆಗ ಹೊರಗೇ ಬರುತ್ತಿರಲಿಲ್ಲ.

ಅವನದು ಪಕ್ಕದ ಬೀದಿಯ ಫೋಟೋ ಸ್ಟುಡಿಯೋ. ಹತ್ತನೇ ಕ್ಲಾಸಿನ ಪರೀಕ್ಷೆ ಅರ್ಜಿಗೆ ಸುತ್ತಲಿನ ಶಾಲೆಗಳ ಮಕ್ಕಳೆಲ್ಲ ಅವನಿಂದಲೇ ಫೋಟೋ ತೆಗೆಸುತ್ತಿದ್ದರು. ಚಳಿಗಾಲದಲ್ಲಿ ಬೆಳಗ್ಗೆ ಆರಕ್ಕೆ ಫಿಲ್ಮ್ ತೊಳೆಯುವ ಡಾರ್ಕ್ ರೂಮ್ ಹೊಕ್ಕರೆ ಹೊತ್ತು ಮುಳುಗಿದ ಮೇಲೆಯೇ ಈಚೆ. ಆ ವರ್ಷ ಅವನ ನಿದ್ದೆ ಹೋಯಿತು. ಕೂತಲ್ಲಿ ಕೂರಲಾರ, ಉಣ್ಣುವಾಗಲೇ ಎದ್ದು ಓಡಾಡುತ್ತಾನೆ. ಕಾಲು ಹೇಗೆ ಕುಣಿಯುತ್ತಿತ್ತೆಂದರೆ, ಹೊಲಿಗೆ ಮಿಷನ್ನಿಗೆ ಕಟ್ಟಿದ್ದರೆ ದಿನಕ್ಕೆ ನಾಲ್ಕು ಅಂಗಿ ಹೊಲಿದುಹಾಕುತ್ತಿತ್ತು. ತುಮಕೂರಿನ ಡಾಕ್ಟರು ಮಾತ್ರೆ ಕೊಡಲಿಲ್ಲ. ದಿನಾ ಬೆಳಗ್ಗೆ ಅರ್ಧ ಗಂಟೆ ಹೊರಗೆ ಬೆಳಕಿನಲ್ಲಿರಿ ಎಂದರು. ಇವನಿಗೆ ಪುರುಸೊತ್ತಿಲ್ಲ.

ಒಂದು ಸಂಜೆ ಅವನ ಹೆಂಡತಿ ಅರುಣಾ ನಮ್ಮನೆಗೆ ಬಂದಳು. "ಬೋರಣ್ಣ, ಇವ್ರು ಸ್ಟುಡಿಯೋನೇ ಮುಚ್ಬುಡ್ತೀನಿ ಅಂತಾವ್ರೆ. ಕ್ಯಾಮೆರಾ ತಗೊಳ್ಳೋಕೆ ಕುಣಿಗಲ್ಲಿಂದ ಯಾರೋ ಸೋಮವಾರ ಬರ್ತಾರಂತೆ. ಒಂದ್ಸಲ ಬಿಸಿಲಿಗೆ ಎಳ್ಕೊಂಡೋಗಿ."

ಮಾರನೇ ದಿನವೇ ಡಾರ್ಕ್ ರೂಮಿನ ಬಾಗಿಲು ತಟ್ಟಿದೆ. "ಬಾರ್ಲಾ ಗಂಗ. ಸೂರ್ಯ ನಿನ್ ಅಡ್ರೆಸ್ ಕೇಳ್ಕೊಂಡು ತಿರುಗ್ತಾವ್ನೆ."

"ನಾಳೆ ಬರಾಕೇಳಣ್ಣ," ಒಳಗಿಂದ ಉತ್ತರ.

ಬಾಗಿಲ ಮೇಲಿನ ಕೆಂಪು ಬಲ್ಬು ಉರಿಯುತ್ತಿದ್ದರೆ ತೆರೆಯಬಾರದು, ಆರಿದ್ದರೆ ಹೋಗಬಹುದು. ಅವನ ಕಾನೂನು ಅಷ್ಟೇ. ಬುಧವಾರ ಹೋದಾಗ ಬಲ್ಬು ಆರಿತ್ತು. ಒಳ್ಳೇದಾಯಿತೆಂದು ಬಾಗಿಲನ್ನು ಅಗಲಕ್ಕೆ ತೆರೆದೆ. ಒಳಗೆ ಗಂಗಾಧರ ಟ್ರೇಯಲ್ಲಿ ಫಿಲ್ಮ್ ತೊಳೆಯುತ್ತಿದ್ದ. ಬಲ್ಬು ಆರಿದ್ದು ಕರೆಂಟ್ ಹೋಗಿದ್ದಕ್ಕೆ. ಫಿಲ್ಮ್ ತೊಳೆಯಲು ಕರೆಂಟ್ ಬೇಡ ಎಂದು ನನಗೇನು ಗೊತ್ತು?

ಅವನು ಬೈಯಲಿಲ್ಲ. ಬೆಳಕು ಬಿದ್ದು ಕಪ್ಪಾದ ಸುರುಳಿಯನ್ನು ಎತ್ತಿ ಹಿಡಿದ. "ಕಡಬದ ಸ್ಕೂಲಿನ ಮೂವತ್ನಾಕು ಮಕ್ಕಳು. ಒಂದೇ ಏಟ್ಗೆ ಅಳ್ಸಾಕ್ಬುಟ್ಟಲ್ಲಣ್ಣ."

ಅರ್ಜಿ ಕಳಿಸಲು ಶನಿವಾರವೇ ಕೊನೆ. ಸ್ಟುಡಿಯೋ ದೀಪಕ್ಕೆ ಕರೆಂಟ್ ನಂಬಿ ಕೂರುವಂತಿರಲಿಲ್ಲ, ಮಕ್ಕಳಿದ್ದಲ್ಲಿಗೇ ಹೋಗಿ ಬಿಸಿಲಿನಲ್ಲಿ ತೆಗೆಯಬೇಕು. ಗುರುವಾರ ಏಳಕ್ಕೇ ಮೊಪೆಡ್ಡಿನಲ್ಲಿ ಕಡಬಕ್ಕೆ ಹೋದೆವು. ಕೆರೆ ಮೇಲಿನ ಮಂಜು ಕರಗುವವರೆಗೆ ಗಂಗಾಧರ ಶಾಲೆಯ ಮೈದಾನ ಸುತ್ತಿದ. ಅವನು ತುಳಿದ ದಾರಿಯನ್ನೇ ಮುಂದೆ ರನ್ನಿಂಗ್ ಟ್ರ್ಯಾಕ್ ಮಾಡಿಕೊಂಡರು. ಬಿಸಿಲು ಬಿತ್ತು. ತಪ್ಪು ನನ್ನದಾದ್ದರಿಂದ ಬಿಳಿ ದುಪ್ಪಟಿ ಹಿಡಿದು ಮಕ್ಕಳ ಹಿಂದೆ ನಿಂತೆ.

"ದುಪ್ಪಟಿ ಮೇಲಿಂದ ನಿಮ್ ತಲೆ ಕಾಣ್ತೈತೆ," ಎಂದರು ಟೀಚರ್ ವನಜಮ್ಮ. "ಪಾಸಾಗೋ ಮಕ್ಳನ್ನೂ ಫೇಲ್ ಮಾಡ್ಬುಡ್ತಾರೆ."

ಒಂಬತ್ತು ಮಕ್ಕಳು ಬಂದಿರಲಿಲ್ಲ. ಶುಕ್ರವಾರ ಮತ್ತೆ ಹೋದೆವು. ಶನಿವಾರ ಫೋಟೋ ಕೊಡಲು ನಾನೊಬ್ಬನೇ ಸಾಕಿತ್ತು, ಆದರೆ ಇವನೇ ಬೆಳಗ್ಗೆ ಮೊಪೆಡ್ ಈಚೆ ತೆಗೆದ. ಕಡಬದಲ್ಲಿ ಶಾಲೆಯ ಕಟ್ಟೆ ಮೇಲೆ ಎಳೆಬಿಸಿಲಿಗೆ ಮುಖ ಕೊಟ್ಟು ಕೂತ. ಕಾಲು ನೋಡಿದೆ. ಕುಣಿಯುತ್ತಿತ್ತು, ಆದರೆ ಅಂಗಿ ಹೊಲಿಯುವಷ್ಟಲ್ಲ, ಗುಂಡಿ ಹಾಕುವಷ್ಟು. "ರಾತ್ರಿ ನಾಕ್ ಗಂಟೆ ನಿದ್ದೆ ಬಂತಣ್ಣ," ಎಂದ.

ಸೋಮವಾರ ಕುಣಿಗಲ್ಲಿನವನು ಬಂದಾಗ ಸ್ಟುಡಿಯೋಗೆ ಬೀಗ. ಗಂಗಾಧರ ಬಿಸಿಲು ಕಾಯಿಸಿಕೊಂಡು ಒಂಬತ್ತಕ್ಕೆ ಬಂದ. ಆ ಮನುಷ್ಯನನ್ನು ಬೀದಿಯ ಬಿಸಿಲಿನಲ್ಲೇ ನಿಲ್ಲಿಸಿ ಒಂದು ಫೋಟೋ ತೆಗೆದು ಕಳಿಸಿದ. ಕ್ಯಾಮೆರಾ ಕೊಡಲಿಲ್ಲ.

ಅವತ್ತೇ ಆಚಾರಿಯನ್ನು ಕರೆಸಿ ಡಾರ್ಕ್ ರೂಮಿಗೆ ಒಳಗಡೆಯಿಂದ ಎರಡು ಚಿಲಕ ಹಾಕಿಸಿದ. ಎರಡೂ ನನಗಾಗಿ.