ಕೆನ್ನೆಯ ಮೇಲೊಂದು ಹೆಸರು

ಅಲಖನೂರಿನ ಸತ್ತೆಪ್ಪನಿಗೆ ಹುಟ್ಟಿನಿಂದಲೇ ಕಿವಿ ಕೇಳದು, ಮಾತು ಬಾರದು. ಹಾಗಂತ ಅವನನ್ನು ಸುಮ್ಮನಿರುವ ಆಸಾಮಿ ಅಂದುಕೊಂಡೀರಿ, ಜೋಕೆ! ಅವನಷ್ಟು ಹರಟೆಮಲ್ಲ ಇಡೀ ಓಣಿಯಲ್ಲಿ ಇರಲಿಲ್ಲ. ಎಲ್ಲವನ್ನೂ ಕೈಯಲ್ಲೇ ಹೇಳುತ್ತಿದ್ದ. ಒಬ್ಬೊಬ್ಬರಿಗೂ ಒಂದೊಂದು ಹೆಸರಿಟ್ಟಿದ್ದ. ಮೀಸೆ ತಿರುವಿದರೆ ಹಾಲಿನ ಡೈರಿಯ ಕಾಕಾಸಾಹೇಬರು, ಸೊಂಟಕ್ಕೆ ಕೈಯಿಟ್ಟರೆ ಹೆಂಡತಿ ಸುಗಂಧಾ. ಮಗಳು ಭಾಗ್ಯಾ ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ತನ್ನ ಕೆನ್ನೆಗೆ ಬೆರಳೊತ್ತಿದರೆ ಅದು ಭಾಗ್ಯಾ.

ಸುಗಂಧಾಗೆ ಕೆಲಸಕ್ಕೆ ಬೇಕಾದಷ್ಟು ಸನ್ನೆ ತಿಳಿಯುತ್ತಿತ್ತು, ಕತೆ ಕೇಳುವ ಪುರುಸೊತ್ತು ಇರಲಿಲ್ಲ. ಕೇಳುವವಳು ಭಾಗ್ಯಾ ಒಬ್ಬಳೇ. ಸಂಜೆ ಎಮ್ಮೆ ಕಟ್ಟಿ ಬಂದವನೇ ಮಗಳ ಎದುರು ಕೂತು ದಿನದ ಸುದ್ದಿಯೆಲ್ಲ ಒಪ್ಪಿಸುತ್ತಿದ್ದ. ಕಬ್ಬಿನ ಟ್ರ್ಯಾಕ್ಟರ್ ಕೆಸರಿನಲ್ಲಿ ಹೂತದ್ದು, ಡ್ರೈವರ್ ಬೈದಾಡಿದ್ದು. ಬೈಗುಳ ಸಹ ಅವನ ಕೈಯಲ್ಲಿ ಕಾಣುತ್ತಿತ್ತು! ಭಾಗ್ಯಾ ಹೊಟ್ಟೆ ಹಿಡಿದು ನಗುತ್ತಿದ್ದಳು.

ಅವಳು ರಾಯಬಾಗದ ಕಾಲೇಜಿನಲ್ಲಿ ಎರಡನೇ ವರ್ಷ ಓದುವಾಗ, ಇಂಟರ್ನೆಟ್ ಅಗ್ಗವಾದ ಹೊಸತರಲ್ಲಿ, ಮನೆಗೆ ಮೊಬೈಲ್ ಬಂತು. ಫೇಸ್‌ಬುಕ್ಕು, ವಾಟ್ಸಾಪು, ಗೆಳತಿಯರ ಗ್ರೂಪು. ಬೇರೆ ಮನೆಯ ಹುಡುಗಿಯರು ಮೊಬೈಲ್ ನೋಡುತ್ತಲೇ ಅಪ್ಪನ ಮಾತಿಗೆ ‘ಹೂಂ’ ಅನ್ನಬಹುದು. ಭಾಗ್ಯಾಗೆ ಆ ಅನುಕೂಲ ಎಲ್ಲಿಯದು? ಅವಳು ಕಣ್ಣು ತಗ್ಗಿಸಿದರೆ ಅಪ್ಪನ ಮಾತೇ ನಿಂತ ಹಾಗೆ. ಮೊದಮೊದಲು ಅವನು ಅವಳ ಮೊಣಕಾಲು ತಟ್ಟುತ್ತಿದ್ದ. ಅವಳು ‘ತಡಿ’ ಎಂದು ಕೈ ಮಾಡುತ್ತಿದ್ದಳು. ಬರಬರುತ್ತ ತಟ್ಟುವುದನ್ನೇ ಬಿಟ್ಟ. ಪುಣ್ಯಾತ್ಗಿತ್ತಿ, ಅದನ್ನೂ ಗಮನಿಸಲಿಲ್ಲ.

ಒಂದು ಬೆಳಿಗ್ಗೆ ಅಪ್ಪನ ಜೊತೆ ಡೈರಿಗೆ ಹೋದಳು. ಸಂಜೆಯ ಹಾಲು ಯಾರು ತರುತ್ತಾರೆಂದು ಕಾಕಾಸಾಹೇಬರು ಸನ್ನೆಯಲ್ಲಿ ಕೇಳಿದರು. ಸತ್ತೆಪ್ಪ ಕತ್ತು ಬಗ್ಗಿಸಿ, ಎಡ ಅಂಗೈ ಮೇಲೆ ಬಲ ಹೆಬ್ಬೆರಳು ಸರಸರ ಉಜ್ಜಿದ.

“ಅದ್ಯಾರ್ರಿ ಕಾಕಾ?” ಎಂದಳು ಭಾಗ್ಯಾ.

“ನೀನ ಅಲ್ಲೇನವಾ? ಭಾಳ ದಿನಾತು, ನಿನ್ನ ಹಿಂಗ ಕರ್ಯಾಕತ್ತಾನ.”

ಅಪ್ಪನ ಮುಖದಲ್ಲಿ ಹಂಗಿಸುವ ಸುಳಿವೂ ಇರಲಿಲ್ಲ. ಹಂಗಿಸಿದ್ದರೆ ಜಗಳವಾದರೂ ಆಡಬಹುದಿತ್ತು. ಅವನು ಕಂಡದ್ದನ್ನು ಹೇಳಿದ್ದ, ಅಷ್ಟೆ.

ಅವತ್ತೇ ಭಾಗ್ಯಾ ಫೇಸ್‌ಬುಕ್ ತೆಗೆದುಹಾಕಿದಳು, ಗ್ರೂಪುಗಳಿಂದ ಹೊರಬಂದಳು. “ಯಾಕ, ಸಿಟ್ಟಾಗಿಯೇನ?” ಎಂದು ಗೆಳತಿ ಸಪನಾ ಫೋನ್ ಮಾಡಿದಳು.

“ಇಲ್ಲವಾ. ಸಂಜೀಕ ನಮ್ಮಪ್ಪ ಮಾತಾಡ್ತಾನ.”

ಆದರೆ ಅಪ್ಪ ಮಾತಾಡಲಿಲ್ಲ. ಮೊಬೈಲನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟು ಅವಳು ಎದುರು ಕೂತರೆ, ಅವನು ತಲೆಯೆತ್ತದೆ ಹಗ್ಗ ಹೊಸೆಯುತ್ತಿದ್ದ. ಮರುದಿನವೂ ಅದೇ. ಸುಳ್ಳೇಕೆ, ಅವಳ ಕೈಯೂ ತುರಿಸಿತು; ಎರಡು ಸಲ ಡಬ್ಬಿಯ ತನಕ ಹೋಗಿ ಬಂದಳು. ಇನ್ನು ಅಪ್ಪ ತನಗೆ ಏನನ್ನೂ ಹೇಳುವುದೇ ಇಲ್ಲವೇನೋ ಎಂದು ಹೆದರಿದಳು.

ಐದನೆಯ ಸಂಜೆ ಸತ್ತೆಪ್ಪ ಹಗ್ಗ ಕೆಳಗಿಟ್ಟ. ಅವಳ ಎರಡೂ ಕೈ ಹಿಡಿದು ತಿರುಗಿಸಿ ನೋಡಿದ. ಖಾಲಿ. ಮುಖ ನೋಡಿದ. ಆಮೇಲೆ ಮೆಲ್ಲಗೆ ತನ್ನ ಎಡಗೆನ್ನೆಗೆ ಬೆರಳೊತ್ತಿದ.

ಭಾಗ್ಯಾ ಅಳುತ್ತಲೇ ನಕ್ಕಳು. ಅಷ್ಟು ತಿಂಗಳ ಸುದ್ದಿಯೆಲ್ಲ ಒಮ್ಮೆಲೇ ಅವನ ಕೈಗೆ ಬಂತು.

“ರೊಟ್ಟಿ ಆರಾಕತ್ತಾವ, ಬರ್ರಿ!” ಸುಗಂಧಾ ಒಳಗಿನಿಂದ ಮೂರು ಸಲ ಕೂಗಿದಳು. ಇಬ್ಬರಿಗೂ ಕೇಳಿಸಲಿಲ್ಲ.