ಕಾಟಮ್ಮನ ಮನೆಯ ಮುದ್ದೆ

ಆದಿವಾಲದ ಕಾಟಮ್ಮ ಹಿರಿಯೂರಿನ ಸಂತೆಯಲ್ಲಿ ಕುರಿ ಕೊಳ್ಳಲು ನಿಂತಳೆಂದರೆ ಮಾರುವವನಿಗೆ ಬೆವರು. ಬೆನ್ನ ಮೇಲೆ ಕೈಯಾಡಿಸಿ, ತುಟಿ ಎತ್ತಿ ಹಲ್ಲು ನೋಡಿ, ರೆಪ್ಪೆ ಬಿಡಿಸಿ ಕಣ್ಣು ನೋಡಿ, ಅಷ್ಟಾದ ಮೇಲೂ ಒಂದು ಸುತ್ತು ನಡೆಸಿಯೇ ಮಾತು. ಅರವತ್ತು ವರ್ಷ ಮನುಷ್ಯರನ್ನೂ ಹಾಗೇ ನೋಡಿಕೊಂಡು ಬಂದವಳು.

ಅಂಥವಳ ಕಣ್ಣಿಗೆ ಈಗ ಬಿದ್ದವರು ಊರಿನ ಸಣ್ಣ ಚರ್ಚಿಗೆ ಬಂದ ಹೊಸ ಪಾಸ್ಟರು, ಉಡುಪಿ ಕಡೆಯ ಚೇತನ್‌ಕುಮಾರ್. ಭಾನುವಾರ ಆರಾಧನೆ ಮುಗಿದ ಮೇಲೆ ಅಯ್ಯನೋರಿಗೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಊಟ. ಎಲ್ಲರ ಮನೆಯಲ್ಲೂ ಉಂಡರು. ಕಾಟಮ್ಮನ ಸರದಿ ಬಂದಾಗ ಮಾತ್ರ ಹೊಟ್ಟೆ ಸರಿಯಿಲ್ಲವೆಂದರು. ಎರಡನೆಯ ಸಲ ಬಂದು ಕೂತು, ಮುದ್ದೆಯ ಒಂದು ತುತ್ತು ಬಾಯಿಗಿಟ್ಟು, ಮುಖ ಕಿವಿಚಿ, ಫೋನು ಬಂತೆಂದು ಎದ್ದುಹೋದರು. ಫೋನು ಹೊಡೆದುಕೊಂಡದ್ದನ್ನು ಕಾಟಮ್ಮ ಕೇಳಿರಲಿಲ್ಲ.

ಚರ್ಚಿನ ಸಭೆಯಲ್ಲಿ ಕೆಳಗೇರಿಯ ಮನೆ ಅವಳದೊಂದೇ. ದೇವರ ಹೆಸರು ಹೇಳುವ ಬಾಯಿಗೂ ನನ್ನ ಮನೆಯ ತುತ್ತು ಇಳಿಯಲೊಲ್ಲದು ಎಂದುಕೊಂಡಳು.

ಸುದ್ದಿ ಹನ್ನೆರಡು ವರ್ಷದಿಂದ ಸಭೆಯ ಕಾರ್ಯದರ್ಶಿಯಾಗಿದ್ದ ಗಿರೀಶನಿಗೆ ಮುಟ್ಟಿತು. ಸುಗ್ಗಿಯ ಊಟಕ್ಕೆ ಎಲ್ಲರೂ ಒಂದೇ ಸಾಲಿನಲ್ಲಿ ಕೂರಬೇಕೆಂದು ಪಾಸ್ಟರು ಹೇಳಿದಂದಿನಿಂದ ಅವನಿಗೆ ಅವರನ್ನು ಕಂಡರಾಗದು. ಈ ಅಯ್ಯನೋರು ಜಾತಿ ನೋಡುತ್ತಾರೆ, ಬೇರೆ ಕಡೆಗೆ ಕಳಿಸಿ ಎಂದು ಮೇಲಿನವರಿಗೆ ಪತ್ರ ಬರೆದು ತಂದ. ಕಾಟಮ್ಮನ ಹೆಬ್ಬೆಟ್ಟಿಲ್ಲದೆ ಆ ಪತ್ರಕ್ಕೆ ಕಾಲಿಲ್ಲ. ಅವಳು ನಾಳಿದ್ದು ಬಾ ಎಂದಳು. ಕೈಯಾಡಿಸದೆ ಕುರಿಯನ್ನೇ ಕೊಳ್ಳದವಳು.

ಮರುದಿನ ಉರಿಬಿಸಿಲಲ್ಲಿ, ನೆಪಕ್ಕೊಂದು ಚೊಂಬು ಮಜ್ಜಿಗೆ ಹಿಡಿದು, ಪಾಸ್ಟರ ಮನೆಯ ಹಿಂದಿನ ಕಿಟಕಿಯಲ್ಲಿ ಇಣುಕಿದಳು. ಒಳಗೆ ಅವರೊಬ್ಬರೇ. ತಟ್ಟೆಯಲ್ಲಿ ತಾವೇ ಮಾಡಿಕೊಂಡ ಗಂಟುಗಂಟಾದ ಮುದ್ದೆ. ಮುರಿದು ಅಗಿಯುತ್ತಾರೆ, ಹಲ್ಲಿಗೆ ಮೆತ್ತುತ್ತದೆ, ಕಣ್ಣಲ್ಲಿ ನೀರು. ಮತ್ತೊಂದು ತುತ್ತು. ಅಯ್ಯನೋರು ಪರವೂರಿನವರೆಂದು ಉಳಿದವರೆಲ್ಲ ಅನ್ನ ಬಡಿಸಿದ್ದರು, ಮುದ್ದೆ ಇಟ್ಟವಳು ತಾನೊಬ್ಬಳೇ ಎಂಬುದು ಕಾಟಮ್ಮನಿಗೆ ಆಗ ಹೊಳೆಯಿತು.

"ಅಗೀಬಾರ್ದು ಅಯ್ಯನೋರೆ, ನುಂಗ್ಬೇಕು. ಆವತ್ತು ಫೋನ್ ಬಂದಿತ್ತಾ?"

ಅವರು ಬೆಚ್ಚಿ ತಿರುಗಿದರು. "ಇಲ್ಲಮ್ಮ. ಗಂಟಲಲ್ಲಿ ಸಿಕ್ಕಿಕೊಂಡಿತ್ತು. ನಿಮ್ಮೆದುರಿಗೆ ಉಗುಳುವುದು ಹೇಗೆ?"

ಕಾಟಮ್ಮ ಅದನ್ನೂ ಪೂರ್ತಿ ನಂಬಲಿಲ್ಲ. ಒಳಗೆ ಹೋಗಿ ಎದುರಿಗೆ ಕೂತು ಮೂರು ತುತ್ತು ನುಂಗಿಸಿ, ಗಂಟಲಲ್ಲಿ ಇಳಿದದ್ದನ್ನು ಕಣ್ಣಾರೆ ಕಂಡ ಮೇಲೇ ಮಜ್ಜಿಗೆ ಕೊಟ್ಟಳು.

ಹೇಳಿದ ದಿನ ಗಿರೀಶ ಬಂದ. ಎಂದಿನಂತೆ ಅಂಗಳದಲ್ಲೇ ನಿಂತು ಪತ್ರ ಚಾಚಿದ. ಎಂದಿನಂತೆ! ಕಾಟಮ್ಮ ಅವನ ಕಾಲನ್ನೂ ತನ್ನ ಹೊಸ್ತಿಲನ್ನೂ ನೋಡಿದಳು.

"ಒಳಗೆ ಬಾರಪ್ಪ. ಒಂದು ಮುದ್ದೆ ಉಂಡು ಆಮ್ಯಾಲೆ ಹೆಬ್ಬೆಟ್ಟು ತಗಂಡು ಹೋಗು."

"ಈಗ್ತಾನೆ ಉಂಡು ಬಂದೆ ಕಾಟಮ್ಮ."

"ಹಂಗಾರೆ ನೀರು ಕುಡಿ."

"ಬಾಯಾರಿಕೆ ಇಲ್ಲ."

"ಹನ್ನೆರಡು ವರ್ಷದಿಂದ್ಲೂ ನಿಂಗೆ ಬಾಯಾರಿಕೆ ಇಲ್ಲ ಬಿಡು."

ಅಷ್ಟಂದು ಒಳಗೆ ಹೋಗಿ ಎಸರಿಗೆ ಹಿಟ್ಟು ಹಾಕಿದಳು. ಗಿರೀಶ ಪತ್ರ ಮಡಚಿಕೊಂಡು ಹೋದ. ಮುಂದಿನ ಸರದಿಗೆ ಅಯ್ಯನೋರು ಬಂದು ಉಣ್ಣಲು ಕೂತರು. ಕಾಟಮ್ಮ ಮುದ್ದೆ ಇಟ್ಟು, ಎದುರಿಗೇ ಕೂತು, ಅವರ ಗಂಟಲನ್ನೇ ನೋಡುತ್ತಿದ್ದಳು.